ಮೊದಲ ಪುಟದ ಹಲ್ಲು

ಚೆಂಡುಹೂವಿನ ವಾಸನೆ, ಇಷ್ಟು ಬೆಳಿಗ್ಗೆ, ಇವತ್ತು ಹಬ್ಬವಲ್ಲ ಹುಣ್ಣಿಮೆಯಲ್ಲ, ಎಲ್ಲಿಂದ ಬಂತು — ಗೇಟಿನ ಹತ್ತಿರ ಜನ, ಅಯ್ಯೋ, ಬಂದೇಬಿಟ್ಟರಲ್ಲ, ಜಗಳಕ್ಕೇ ಬಂದಿರುವುದು, ಹಾಲು ಉಕ್ಕಿದರೆ ಉಕ್ಕಲಿ, ಕಿಟಕಿ ಬಿಟ್ಟು ಕದಲಲಾರೆ. ಫೋಟೋ ಬೇಡ ಬೇಡ ಎಂದಿದ್ದೆನಲ್ಲ, ಸುಳ್ಳು, ಬೇಡವೆಂದದ್ದು ಬಾಯಿ ಮಾತ್ರ, ಮನಸ್ಸು ಕುಣಿಯುತ್ತಿತ್ತು, ಇವತ್ತಿನ ‘ಸನ್ನಡತೆ’ಯ ಮೊದಲ ಪುಟದಲ್ಲಿ, ಕೊಬ್ಬರಿ ಧಾರಣೆಯ ಪಕ್ಕ, ಸಂಪಾದಕರು ವಿಶಾಲಮ್ಮ, ಮೇಲೆ ನನ್ನ ಫೋಟೋ, ಆ ಡೊಂಕು ಹಲ್ಲು ಕಾಣುವ ಹಾಗೆ. ಮಾವನವರು ಇದ್ದಿದ್ದರೆ — ಅರಸೀಕೆರೆಯಲ್ಲಿ ಪತ್ರಿಕೆ ಶುರು ಮಾಡಿದ ದಿನವೇ ಕಟ್ಟಳೆ ಹಾಕಿದವರು, ಸಿನಿಮಾ ಜಾಹೀರಾತು ಇಲ್ಲ, ಲಾಟರಿ ನಂಬರ್ ಇಲ್ಲ, ಹೆಂಗಸರ ಫೋಟೋ ಇಲ್ಲ, ಲಿಂಗೈಕ್ಯರಾದರೆ ಮಾತ್ರ ಇರಲಿ ಪಾಪ, ಒಂದು ಸಲ. ಮಠದ ಸುದ್ದಿ, ಮಳೆ ಸುದ್ದಿ, ಕೊಬ್ಬರಿ ಧಾರಣೆ, ಇಷ್ಟರಲ್ಲೇ ಎರಡು ತಲೆಮಾರು ನಡೆದುಹೋಯಿತು, ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸು ಹೋಗಿ ಕಂಪ್ಯೂಟರ್ ಬಂತು, ಹೊಸ ಶತಮಾನವೂ ಬಂತು, ಬೇರೆಯವರು ಬಣ್ಣದ ಪುಟ ತಂದರು, ನಮ್ಮದು ಮಾತ್ರ ವಿಭೂತಿ ಹಚ್ಚಿಕೊಂಡು ಕಪ್ಪುಬಿಳುಪಿನಲ್ಲೇ ಕೂತಿತ್ತು. ಇವರಿಗೆ ಕಣ್ಣು ಮಂಜಾದ ಮೇಲೆ ಸಂಪಾದಕೀಯ ಬರೆದದ್ದು ಯಾರು, ಒಲೆ ಮುಂದೆ ಕೂತು ನಾನೇ, ಕೆಳಗೆ ಹೆಸರು ಮಾತ್ರ ಇವರದು, ಜಯದೇವಪ್ಪ, ಕೊಬ್ಬರಿ ಮಂಡಿಯ ಚನ್ನೇಶ ರಸ್ತೆಯಲ್ಲೇ ಇವರಿಗೆ ಕೈಮುಗಿದು, ಏನ್ ಬರ್ದಿದೀರಿ ಸಾರ್, ಕಣ್ಣಲ್ಲಿ ನೀರು ಬಂತು ಸಾರ್, ಇವರು ಮನೆಗೆ ಬಂದು ನನ್ನ ಮುಖ ನೋಡಲಾರದೆ ಬರೀ ಕಾಫಿ ಕೇಳಿದರು. ಮೊನ್ನೆ ಊಟದ ಮಧ್ಯೆ ತಾವಾಗಿಯೇ, ಲೇ, ಇನ್ಮೇಲೆ ನಿನ್ನ ಹೆಸರೇ ಹಾಕೋಣ, ಓದೋರು ಒಪ್ಪದಿದ್ರೆ ಮಾರನೇ ದಿನದಿಂದ ಮತ್ತೆ ನಂದು, ಆಯ್ತಾ? ಆಯ್ತು. ಒಂದೇ ದಿನದ ಹೆಸರಾದರೂ ಹೆಸರೇ. ಫೋಟೋ ಬೇಲೂರಿನ ಗುಡಿಯಲ್ಲಿ ಮಗಳು ಮೇಘಶ್ರೀ ತೆಗೆದದ್ದು, ಅಮ್ಮ, ಈ ಕಲ್ಲಿನ ಹೆಂಗಸರೇ ನಗ್ತಾ ನಿಂತಿದಾರೆ, ನಿಂಗೇನು ದಾಡಿ, ನಕ್ಕುಬಿಟ್ಟೆ, ಹಲ್ಲು ಸಿಕ್ಕಿಬಿತ್ತು, ಮದುವೆಯಾದಾಗಿನಿಂದ ಸೆರಗಿನಲ್ಲಿ ಮುಚ್ಚಿಕೊಂಡು ಬಂದ ಹಲ್ಲು.

ಗೇಟು ಕಿರ್ರೆಂದಿತು. ಚನ್ನೇಶನೇ ಮುಂದೆ, ಕೈಯಲ್ಲಿ — ಹಾರವೇ ಅದು, ಸನ್ಮಾನಕ್ಕೆ ಬಂದನೇ, ಇಲ್ಲ, ಮುಖ ಹಾಗಿಲ್ಲ, ಹಿಂದೆ ಹಾರನಹಳ್ಳಿ ಬಸ್ಸಿಳಿದು ಓಡಿಬರುತ್ತಿರುವವಳು ಮುತ್ತಮ್ಮ, ನನ್ನ ಜೊತೆ ಸ್ಕೂಲಿಗೆ ಹೋದವಳು, ತಲೆ ಕೆದರಿದೆ, ಅಯ್ಯೋ ವಿಶಾಲೂ, ಹೇಳ್ದೆ ಕೇಳ್ದೆ ಹೋಗ್ಬಿಟ್ಯಲ್ಲೇ! ಹೋದೆನೇ, ಎಲ್ಲಿಗೆ — ಶಿವನೇ, ಫೋಟೋ! ಈ ಪತ್ರಿಕೆಯಲ್ಲಿ ಹೆಂಗಸಿನ ಫೋಟೋ ಬಂತೆಂದರೆ ಊರವರಿಗೆ ಒಂದೇ ಅರ್ಥ, ಕೆಳಗಿನ ಅಕ್ಷರ ಯಾರು ಓದುತ್ತಾರೆ, ಮಾವನವರ ಕಟ್ಟಳೆ ನನ್ನನ್ನು ಮುಗಿಸಿಯೇಬಿಟ್ಟಿತು. ಬಾಗಿಲು ತೆರೆದೆ. ಮುತ್ತಮ್ಮನ ಅಳು ಅರ್ಧಕ್ಕೇ ನಿಂತಿತು, ಚನ್ನೇಶ ಹಾರವನ್ನು ಬೆನ್ನ ಹಿಂದೆ ಅಡಗಿಸಿದ, ಒಳಗಿನಿಂದ ಹಾಲು ಸೀದ ವಾಸನೆ, ಎಷ್ಟು ಚೆನ್ನಾಗಿದೆ, ಬದುಕಿದ್ದೇನಲ್ಲ, ಅದಕ್ಕೇ ಮೂಗಿಗೆ ಬಡಿಯುತ್ತಿದೆ. ಇವರು ಕಂಬ ಹಿಡಿದುಕೊಂಡು ನಗುತ್ತಿದ್ದಾರೆ, ಕೆಳಗೇನಿದೆ ಓದ್ರಯ್ಯಾ, ಇಷ್ಟು ದಿನ ಬರ್ದಿದ್ದೂ ಇವಳೇ! ಚನ್ನೇಶ ಪತ್ರಿಕೆ ಬಿಡಿಸಿ ತುಟಿ ಅಲ್ಲಾಡಿಸುತ್ತ ಓದುತ್ತಿದ್ದಾನೆ, ಒಪ್ಪುವುದಿಲ್ಲ ಎನ್ನುತ್ತಾನೆ, ಈಗ ಅನ್ನುತ್ತಾನೆ, ನಾಳೆಯಿಂದ ಮತ್ತೆ ಜಯದೇವಪ್ಪ. ತಲೆಯೆತ್ತಿದ, ಹಂಗಾದ್ರೆ ಇಷ್ಟು ದಿನ ನನ್ನ ಅಳಿಸಿದ್ದೂ ನೀವೇ ಏನಮ್ಮ? ಹೂಂ ಕಣಪ್ಪ. ಬದುಕಿದ್ದೀರಲ್ಲ ತಾಯಿ, ಸಂಪಾದಕರಾದ್ರೂ ಆಗಿ, ಏನಾದ್ರೂ ಆಗಿ, ಕೊಬ್ಬರಿ ಧಾರಣೆ ಒಂದ್ ತಪ್ಪಿಸ್ಬೇಡಿ. ಮುತ್ತಮ್ಮ ನನ್ನ ಬೆನ್ನಿಗೊಂದು ಗುದ್ದಿ ತಬ್ಬಿಕೊಂಡಳು, ತಂದಿರೋ ಹೂ ಯಾಕೆ ಹಾಳ್ಮಾಡೋದು ಎಂದು ಆ ಹಾರವನ್ನೇ ಕಿತ್ತುಕೊಂಡು ನನ್ನ ಕೊರಳಿಗೆ ಹಾಕಿದಳು, ಇಷ್ಟು ಜನ ನನಗಾಗಿ ಅಳುತ್ತಾರೆಂದು ಬದುಕಿರುವಾಗಲೇ ನೋಡಿದೆನಲ್ಲ, ಸಂತೋಷ, ತಡೆಯಲಾರದ ಸಂತೋಷ, ಇವರು ಕೇಳುತ್ತಿದ್ದಾರೆ, ಲೇ ಅನ್ನಲಿಲ್ಲ, ವಿಶಾಲಾ, ನಾಳೆ ಪೇಪರಿಂದ ಆ ಫೋಟೋ ತೆಗೆಸಿಬಿಡ್ಲಾ? ಬೇಡ, ಇರಲಿ, ದಿನಾ ಇರಲಿ, ನೋಡಿ ನೋಡಿ ಅಭ್ಯಾಸವಾಗಲಿ, ಸೆರಗಿಗೆ ಹೋಗಬೇಕಾದ ಕೈ ಹೋಗುತ್ತಿಲ್ಲ, ಜಗಲಿ ಮೇಲೆ ಪತ್ರಿಕೆ, ಮೊದಲ ಪುಟ, ಕೊಬ್ಬರಿ ಧಾರಣೆಯ ಪಕ್ಕ, ನನ್ನ ಹಲ್ಲು, ಆ ಡೊಂಕು ಹಲ್ಲು —