ಛಾವಣಿಗೆ ಎಷ್ಟು ಅಂಕ

ನಗರಸಭೆಯವರು ನೋಟೀಸು ಬರೆಯುವ ಚಂದವನ್ನು ನೀವೂ ಕಂಡಿರುತ್ತೀರಿ. ಹೇಳಬೇಕಾದ ಒಂದೇ ಒಂದು ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿರುತ್ತಾರೆ. ಆ ಬೀದಿಯ ಹಳೇ ಫೋಟೋ ಸ್ಟುಡಿಯೋಗೆ ಬಂದದ್ದೂ ಅದೇ ಜಾತಿಯ ನೋಟೀಸು. ರಸ್ತೆ ಅಗಲ ಮಾಡುತ್ತೇವೆ, ಎರಡೂ ಕಡೆ ಹನ್ನೆರಡು ಅಡಿ ಒಡೆಯುತ್ತೇವೆ, ಆದರೆ ಬಹಳ ಹಳೆಯ ಕಟ್ಟಡಗಳನ್ನು ಮೊದಲು ಸರ್ವೆ ಮಾಡಿ, ಸ್ಥಿತಿಗತಿ ಪರಿಶೀಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ. ಅರವತ್ತು ಬಂದರೆ ಪಾರಂಪರಿಕ ಪಟ್ಟಿಗೆ ಸೇರಿಸಿ ಹಾಗೇ ಉಳಿಸುತ್ತೇವೆ ಎಂದು ಉದ್ದಕ್ಕೆ ಬರೆದಿದ್ದರು. ಯಾವ ಯಾವುದಕ್ಕೆ ಅಂಕ ಕೊಡುತ್ತಾರೆ ಅನ್ನುವುದನ್ನು ಮಾತ್ರ ಪುಣ್ಯಾತ್ಮರು ಬರೆದಿರಲಿಲ್ಲ.

ನೋಟೀಸು ಬಂದಾಗ ಸ್ಟುಡಿಯೋದಲ್ಲಿ ಇದ್ದವಳು ಸೊಸೆ ಒಬ್ಬಳೇ. ಅತ್ತೆ ಮಗಳ ಮನೆಗೆ ಹೋಗಿದ್ದರು. ಮಗಳು ಕಾಲು ಮುರಿದುಕೊಂಡು ಮಲಗಿದ್ದಳು. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ಟುಡಿಯೋ ನಡೆಸುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಬಂದಾಗ ಅವಳಿಗೆ ಕ್ಯಾಮೆರಾದ ಹಿಂದು ಮುಂದು ಗೊತ್ತಿರಲಿಲ್ಲ. ಅತ್ತೆ ಗದರದೆ, ರೇಗದೆ, ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲ ಕಲಿಸಿದ್ದರು. ಈಗ ಈ ಹದಿನೆಂಟು ಅಡಿ ಉದ್ದದ ಕಟ್ಟಡದಲ್ಲಿ ಹನ್ನೆರಡು ಅಡಿ ಹೋದರೆ ಮಿಕ್ಕುವುದು ಫೋಟೋ ತೊಳೆಯುವ ಕತ್ತಲ ಕೋಣೆ ಒಂದೇ. ನಲವತ್ತು ವರ್ಷ ದುಡಿದ ಜಾಗದಲ್ಲಿ ಅತ್ತೆ ಬಂದು ಕತ್ತಲ ಕೋಣೆಯಲ್ಲಿ ಕೂರಬೇಕೇ? ಸುತರಾಂ ಸಾಧ್ಯವಿಲ್ಲ ಅಂದುಕೊಂಡಳು ಸೊಸೆ. ಅತ್ತೆ ವಾಪಸು ಬರುವುದರೊಳಗೆ ಅರವತ್ತು ಅಂಕ ಗಿಟ್ಟಿಸಿಯೇ ತೀರುತ್ತೇನೆ ಎಂದು ಸೆರಗು ಬಿಗಿದಳು.

ಅಂಕ ಅಂದಮೇಲೆ ಶಾಲೆಯ ಲೆಕ್ಕವೇ ಅಲ್ಲವೇ? ಶುಭ್ರವಾಗಿದ್ದರೆ ಹೆಚ್ಚು, ಗಲೀಜಾಗಿದ್ದರೆ ಕಡಿಮೆ. ಅವಳು ಕಟ್ಟಡವನ್ನು ಹೊರಗಿನವಳ ಕಣ್ಣಿಂದ ನೋಡಿದಳು, ನೋಡಿ ನಾಲಿಗೆ ಕಚ್ಚಿಕೊಂಡಳು. ಗೋಡೆಯ ಸುಣ್ಣ ಮಾಸಿತ್ತು. ಬಾಗಿಲ ಮರ ಕಪ್ಪಗಾಗಿತ್ತು. ಎಲ್ಲಕ್ಕಿಂತ ಮಾನ ಕಳೆಯುವಂಥದ್ದು ಛಾವಣಿ. ಉತ್ತರದ ಕಡೆ ಇಳಿಜಾರಾಗಿ ಅರ್ಧ ಛಾವಣಿ ಪೂರ್ತಿ ಗಾಜು. ಕರೆಂಟು ಬರುವ ಮೊದಲು ಹಗಲ ಬೆಳಕಲ್ಲೇ ಫೋಟೋ ತೆಗೆಯುತ್ತಿದ್ದ ಕಾಲದ್ದು. ಅದರ ಕೆಳಗೆ ತಂತಿಯ ಮೇಲೆ ಮಾಸಲು ನೀಲಿ ಪರದೆಗಳು. ಉದ್ದ ಕೋಲಿನ ಕೊಕ್ಕೆಯಿಂದ ಆ ಪರದೆಗಳನ್ನು ಅತ್ತಿತ್ತ ಎಳೆದು ಅತ್ತೆ ಮುಖದ ಮೇಲೆ ಬೆಳಕನ್ನು ಕೂರಿಸುತ್ತಿದ್ದರು. ಈಗಲೂ ಕೆಲವರು ದೂರದಿಂದ ಬಂದು ಆ ಬೆಳಕಲ್ಲೇ ಫೋಟೋ ತೆಗೆಸುತ್ತಿದ್ದರು, ನಿಜ. ಆದರೆ ಗಾಜಿನ ತುಂಬ ಧೂಳು, ಎಲೆ, ಹಕ್ಕಿಗಳ ಉಪಕಾರ, ಮೂಲೆಯಲ್ಲಿ ಸೋರುವ ಎರಡು ಜಾಗ. ಇದನ್ನು ನೋಡಿದರೆ ಇರುವ ಅಂಕವನ್ನೂ ಕಿತ್ತುಕೊಂಡು ಹೋಗುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಕೆಲಸಕ್ಕೆ ಕರೆಸಿದ್ದು ಸ್ವಂತ ತಮ್ಮನನ್ನು. ಅವನು ಬಡಗಿ. ಕೈಯಲ್ಲಿ ಕಸುಬು ಚೆನ್ನಾಗಿತ್ತು, ಮೈಯಲ್ಲಿ ಮಾತ್ರ ಸೋಮಾರಿತನ ಮನೆ ಕಟ್ಟಿಕೊಂಡು ಕೂತಿತ್ತು. ಏನು ಹೇಳಿದರೂ "ನಾಳೆ" ಅನ್ನುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ನಾಳೆರಾಯ ಎಂದೇ ಕರೆಯುತ್ತಿದ್ದರು. ಅವನ ಹಿಂದೆ ಬಿದ್ದು, ಕಾಡಿ ಬೇಡಿ, ಹದಿನೈದು ದಿನದಲ್ಲಿ ಒಳಗೆ ಬೆಳ್ಳನೆಯ ಫಾಲ್ಸ್ ಸೀಲಿಂಗ್ ಹಾಕಿಸಿದಳು. ಗೋಡೆಗೆ ತಾನೇ ಬಣ್ಣ ಬಳಿದಳು. ಸೀಲಿಂಗ್ ಆದಮೇಲೆ ಮೇಲೆ ಹತ್ತಿ ಗಾಜನ್ನೆಲ್ಲ ಕಿತ್ತು ತಗಡು ಹೊದಿಸು ಅಂದಿದ್ದಳು. ಒಂದು ಸಂಜೆ ಅವನು ಏಣಿಯಿಂದ ಇಳಿದು, ಕೈ ಒರೆಸಿಕೊಂಡು, ಎಲ್ಲ ಆಯ್ತಕ್ಕ, ಗಾಜು ಗುಜರಿಗೆ ಹೋಯ್ತು ಅಂದ. ಏಣಿ ಕಂಡರೆ ಕಾಲು ನಡುಗುವ ಅವಳು ಮೇಲೆ ಹತ್ತಿ ನೋಡಲಿಲ್ಲ. ಗೋಡೆಯಿಂದ ಗೋಡೆಗೆ ಬೆಳ್ಳಗೆ ಹೊಳೆಯುವ ಕೋಣೆಯನ್ನು ನೋಡಿ, ಇನ್ನು ನೂರಕ್ಕೆ ನೂರೇ ಕೊಟ್ಟರೂ ಕೊಟ್ಟಾರು ಅಂದುಕೊಂಡು ಅವತ್ತು ಹಾಡು ಗುನುಗುತ್ತ ಅಡುಗೆ ಮಾಡಿದಳು.

ಸರ್ವೆಗೆ ಬಂದಾಕೆ ಐವತ್ತರ ಹತ್ತಿರದ ಹೆಂಗಸು. ಹೆಗಲಲ್ಲಿ ಚೀಲ, ಕೈಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ನಾಲ್ಕು ಭಾಗ, ಒಂದೊಂದಕ್ಕೆ ಇಪ್ಪತ್ತೈದು ಅಂಕ ಎಂದು ಫಾರಂ ತೋರಿಸಿದರು. ಕಟ್ಟಡದ ವಯಸ್ಸು, ಊರಿನ ಜನಕ್ಕೂ ಅದಕ್ಕೂ ಇರುವ ನಂಟು, ಕಟ್ಟಿದ ಕೆಲಸದ ವಿಶೇಷ, ಮೂಲರೂಪ ಎಷ್ಟು ಉಳಿದಿದೆ ಅನ್ನುವುದು. ಮೂಲರೂಪ ಅನ್ನುವ ಮಾತು ಕೇಳಿದ್ದೇ ಸೊಸೆ ಬೆಳ್ಳನೆಯ ಸೀಲಿಂಗಿನ ಕಡೆ ಕಣ್ಣೆತ್ತಿದಳು. ಶುಭ್ರತೆಗೆ ಎಷ್ಟು ಅಂಕ ಎಂದು ಮೆಲ್ಲಗೆ ಕೇಳಿದಳು. ಅದಕ್ಕಿಲ್ಲ ಎಂದು ಸರ್ವೆ ಮೇಡಂ ಗೋಡೆಯ ಹೊಸ ಬಣ್ಣವನ್ನು ಉಗುರಿಂದ ಕೆರೆದು ನೋಡಿದರು.

ವಯಸ್ಸಿಗೆ ಇಪ್ಪತ್ತೆರಡು ಬಂತು. ಗೋಡೆ ತುಂಬ ನೇತುಹಾಕಿದ್ದ, ಮೂರು ತಲೆಮಾರಿನ ಊರವರ ಫೋಟೋಗಳಿಗೆ ಹತ್ತೊಂಬತ್ತು. ಕೆಲಸದ ವಿಶೇಷಕ್ಕೆ ಐದು. ಮೂಲರೂಪಕ್ಕೆ ನಾಲ್ಕು. ಕೂಡಿದರೆ ಐವತ್ತು. ಪೆನ್ಸಿಲ್ಲಿನಲ್ಲಿ ಬರೆದ ಆ ಅಂಕಗಳನ್ನು ಸೊಸೆ ಬೆರಳು ಮಡಚಿ ಮತ್ತೊಮ್ಮೆ ಕೂಡಿದಳು, ಆಗಲೂ ಐವತ್ತೇ. ಮೇಡಂ ಅಷ್ಟಕ್ಕೇ ಹೊರಟಿದ್ದರೆ ಕಥೆ ಮುಗಿಯುತ್ತಿತ್ತು. ಹೋಗುವಾಗ ಮೂಲೆಯಲ್ಲಿ ಒರಗಿಸಿದ್ದ ಉದ್ದ ಕೋಲು ಅವರ ಕಣ್ಣಿಗೆ ಬಿತ್ತು. ಇದೇನು ಎಂದರು. ಜೇಡರ ಬಲೆ ತೆಗೆಯೋಕೆ ಅಂದಳು ಸೊಸೆ. ಮೇಡಂ ಕೋಲಿನ ತುದಿಯ ಹಿತ್ತಾಳೆ ಕೊಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಲೆಗೆ ಯಾರೂ ಹಿತ್ತಾಳೆ ಕೊಕ್ಕೆ ಮಾಡಿಸಲ್ಲಮ್ಮ ಅಂದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಗತಿಯೇ ಅಷ್ಟು. ಸೊಸೆ ಸ್ಟೂಲಿನ ಮೇಲೆ ಕುಸಿದು ಕೂತು ಗಾಜು, ಪರದೆ, ತಮ್ಮ, ಗುಜರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು.

"ಎರಡು ವರ್ಷದಿಂದ ಸರ್ವೆ ಮಾಡ್ತಿದೀನಿ, ಇಂಥದ್ದೊಂದು ಛಾವಣಿ ಸಿಗುತ್ತಾ ಅಂತ ಹುಡುಕ್ತಾನೇ ಇದೀನಿ," ಎಂದರು. "ಊರಲ್ಲಿ ಇನ್ನೊಂದಿಲ್ಲ. ಅದಿದ್ದಿದ್ರೆ ಎಂಬತ್ತು ದಾಟ್ತಿತ್ತು. ಇಲ್ಲದೇ ಇರೋದಕ್ಕೆ ನಾನು ಹೇಗೆ ಅಂಕ ಕೊಡ್ಲಿ, ಹೇಳಿ."

ಬಾಗಿಲಲ್ಲಿ ಚೀಲ ಇಳಿಸಿದ ಸದ್ದಾಯಿತು. ಅತ್ತೆ ಬಂದಿದ್ದರು. ಬರುವುದು ನಾಳಿದ್ದು ಎಂದಿದ್ದವರು ಸರ್ವೆಯ ಸುದ್ದಿ ಕೇಳಿ ಬೆಳಗಿನ ಬಸ್ಸಿಗೇ ಹೊರಟು ಬಂದುಬಿಟ್ಟಿದ್ದರು. ಮೇಡಂ ಹೇಳಿದ ಕೊನೆಯ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ತಲೆ ಎತ್ತಿ ಬಿಳಿ ಸೀಲಿಂಗನ್ನು ನೋಡಿದರು, ಗೋಡೆ ನೋಡಿದರು, ಸೊಸೆಯ ಉಗುರುಗಳಲ್ಲಿ ಇನ್ನೂ ಅಂಟಿಕೊಂಡಿದ್ದ ಬಣ್ಣ ನೋಡಿದರು. ಸೊಸೆಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಇಡೀ ಗೋಡೆ ನೀನೊಬ್ಬಳೇ ಬಳಿದ್ಯಾ?" ಎಂದರು ಅತ್ತೆ.

ಹೂಂ ಅಂದಳು ಸೊಸೆ. ಅತ್ತೆ ಅವಳ ಪಕ್ಕದಲ್ಲಿ ಬಂದು ನಿಂತು, ತಲೆಯ ಮೇಲೆ ಕೈ ಇಟ್ಟರು. ಹೋದದ್ದು ಹೋಯಿತು, ಕತ್ತಲ ಕೋಣೆಯಲ್ಲಿ ಇಬ್ಬರಿಗೂ ಜಾಗವಿದೆ, ಎದ್ದು ಮುಖ ತೊಳೆದುಕೋ ಅಂದರು. ಅಷ್ಟು ಕೇಳಿದ್ದೇ ಅವಳ ಅಳು ಕಟ್ಟೆ ಒಡೆಯಿತು.

ಮೇಡಂಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. ಆದರೆ ಫಾರಂನಲ್ಲಿ ಇನ್ನೊಂದು ಕೆಲಸ ಬಾಕಿ ಇತ್ತು. ಛಾವಣಿಯ ಚಿತ್ರವನ್ನು ಮೇಲಿಂದ ತೆಗೆದು ಅಂಟಿಸಬೇಕು, ಅದಿಲ್ಲದ ಫಾರಂ ಕಚೇರಿಯಲ್ಲಿ ನಡೆಯುವುದಿಲ್ಲ. ಎದುರಿನ ಟೈಲರ್ ಅಂಗಡಿಯ ತಾರಸಿಯಿಂದ ಕಾಣುತ್ತದೆ, ಅಲ್ಲಿಗೆ ಮೆಟ್ಟಿಲಿದೆ ಎಂದು ಅತ್ತೆಯೇ ದಾರಿ ಹೇಳಿದರು. ಕಣ್ಣೊರೆಸಿಕೊಂಡು ಸೊಸೆಯೂ ಜೊತೆಗೆ ಹತ್ತಿದಳು. ಮೆಟ್ಟಿಲಾದರೆ ಅವಳಿಗೆ ಭಯವಿಲ್ಲ.

ತಾರಸಿಯ ಮೇಲೆ ನಿಂತು ಮೇಡಂ ಕ್ಯಾಮೆರಾ ಎತ್ತಿದವರು ಹಾಗೇ ಇಳಿಸಿದರು. ಸ್ಟುಡಿಯೋ ಛಾವಣಿಯ ಮೇಲೆ ತಗಡು ಇರಲಿಲ್ಲ. ಒಂದು ಹಸಿರು ಟಾರ್ಪಾಲು ಹೊದಿಸಿ, ಅಂಚಿಗೆ ನಾಲ್ಕು ಇಟ್ಟಿಗೆ ಹೇರಿತ್ತು. ಗಾಳಿಗೆ ಅದರ ಒಂದು ಮೂಲೆ ಎದ್ದು ಬೀಳುತ್ತಿತ್ತು. ಎದ್ದಾಗಲೆಲ್ಲ ಕೆಳಗೆ ಏನೋ ಫಳಕ್ಕೆಂದು ಹೊಳೆಯುತ್ತಿತ್ತು. ಸೊಸೆ ಮೊದಲ ಸಲ ಕಣ್ಣು ಕಣ್ಣು ಬಿಟ್ಟಳು. ಎರಡನೇ ಸಲ ಮೇಡಂ ಅವಳ ಕೈ ಹಿಡಿದುಕೊಂಡರು. ಮೂರನೇ ಸಲ ಟಾರ್ಪಾಲು ಎದ್ದಾಗ ಇಬ್ಬರೂ ಶಾಲೆ ಬಿಟ್ಟ ಹುಡುಗಿಯರ ಹಾಗೆ ಕೂಗಿಕೊಂಡರು. ಕೆಳಗೆ ಟೈಲರ್ ಹೊಲಿಗೆ ಮೆಷಿನ್ನು ನಿಲ್ಲಿಸಿ ಹೊರಗೆ ಓಡಿ ಬಂದ.

ನಾಳೆರಾಯನನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದರು. ಅಕ್ಕನ ಮುಖ ನೋಡಿ ತಲೆ ಕೆರೆದುಕೊಂಡು ಒಪ್ಪಿಕೊಂಡ. ಅವತ್ತು ಬಿಸಿಲು ಜೋರಿತ್ತು. ಅಷ್ಟೂ ಗಾಜು ಬಿಚ್ಚೋದು ಅಂದರೆ ಮೂರು ದಿನದ ಕೆಲಸ. ಸದ್ಯಕ್ಕೆ ಮುಚ್ಚಿಡೋಣ, ನಾಳೆ ಬಂದು ಬಿಚ್ಚಿದರಾಯಿತು ಅಂದುಕೊಂಡಿದ್ದನಂತೆ. ಒಳಗಿನ ಪರದೆ, ತಂತಿಗಳನ್ನೂ ಕಳಚದೆ ಅದರ ಕೆಳಗೇ ಸೀಲಿಂಗ್ ಹೊಡೆದಿದ್ದನಂತೆ.

"ಅಕ್ಕ, ನಾಳೆ ಖಂಡಿತ ತೆಗೆದುಬಿಡ್ತೀನಿ," ಅಂದ.

"ಗಾಜು ಮುಟ್ಟಿದ್ರೆ ಕೈ ಮುರೀತೀನಿ," ಅಂದಳು ಅವಳು. "ಸೀಲಿಂಗ್ ಕಿತ್ತು ಹಾಕು. ಇವತ್ತೇ. ಈಗಲೇ."

ಹುಟ್ಟಿದಾಗಿನಿಂದ ಅವನು ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಒಂದು ಕಡೆಯಿಂದ ಹಾರೆ ಹಾಕಿದ, ಸೊಸೆ ಇನ್ನೊಂದು ಕಡೆಯಿಂದ ಕೋಲು ಹಾಕಿ ಎಳೆದಳು, ಮೇಡಂ ಫಾರಂ ಮಡಚಿಟ್ಟು ಬಿದ್ದ ತುಂಡುಗಳನ್ನು ಬೀದಿಗೆ ಸಾಗಿಸಿದರು. ಟೈಲರ್ ಮೇಲೆ ಹತ್ತಿ ಟಾರ್ಪಾಲು ಸುತ್ತಿಟ್ಟ. ಆಗ ಬೆಳಕು ಒಳಗೆ ಬಂತು ನೋಡಿ. ಕಣ್ಣಿಗೆ ಚುಚ್ಚದ, ನೆರಳನ್ನೂ ಕರಿಯಾಗಿಸದ ಮೆತ್ತನೆಯ ಬೆಳಕು ಕೋಣೆಯ ತುಂಬ ಹರಡಿತು. ಇಷ್ಟು ವರ್ಷ ಅದರಡಿಯಲ್ಲೇ ದುಡಿದಿದ್ದ ಸೊಸೆ ಮೊದಲ ಸಲ ನೋಡುವವಳ ಹಾಗೆ ಬಾಯಿ ತೆರೆದು ನಿಂತಳು. ಅವಳಿಗೆ ಹೇಳಲಾರದಷ್ಟು ಸಂತೋಷವಾಗಿತ್ತು.

ಮೇಡಂ ರಬ್ಬರಿನಿಂದ ಹಳೇ ಅಂಕ ಅಳಿಸಿದರು. ಕೆಲಸದ ವಿಶೇಷಕ್ಕೆ ಇಪ್ಪತ್ತೊಂದು, ಮೂಲರೂಪಕ್ಕೆ ಇಪ್ಪತ್ತು. ಒಟ್ಟು ಎಂಬತ್ತೆರಡು. ಗೋಡೆಗೆ ಹೊಸ ಬಣ್ಣ ಬಳಿಯದಿದ್ದರೆ ಇನ್ನೂ ಮೂರು ಕೊಡುತ್ತಿದ್ದೆ ಎಂದು ನಕ್ಕರು. ಒಳಗಿನ ಒಂದು ಚಿತ್ರವೂ ಬೇಕಿತ್ತು. ಕ್ಯಾಮೆರಾ ಎತ್ತಲು ಹೋದವರನ್ನು ಅತ್ತೆ ತಡೆದರು. ಈ ಜಾಗದಲ್ಲಿ ಬೇರೆಯವರು ಫೋಟೋ ತೆಗೆಯುವುದು ಎಂದರೇನು ಅಂದು ತಮ್ಮ ಕ್ಯಾಮೆರಾ ಎಳೆದುಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಬಾ, ಕೂತ್ಕೋ."

ತಲೆ ತುಂಬ ಸೀಲಿಂಗಿನ ಬಿಳಿ ಪುಡಿ ಇದೆ, ಮುಖ ತೊಳೆದು ಬರುತ್ತೇನೆ ಅಂದಳು ಸೊಸೆ. ಅತ್ತೆ ಕೇಳಲಿಲ್ಲ. ಕೋಲಿನಿಂದ ಒಂದು ಪರದೆ ಸರಿಸಿದರು, ಇನ್ನೊಂದನ್ನು ಅರ್ಧ ಎಳೆದರು.

"ಕಟ್ಟಡ ನೋಡಿಕೊಳ್ಳುವವರು ಅಂತ ಫಾರಂನಲ್ಲಿ ಒಂದು ಕಡೆ ಇದೆಯಲ್ಲ ಮೇಡಂ," ಅಂದರು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಅಲ್ಲಿ ನನ್ನ ಹೆಸರು ಬೇಡ. ನನ್ನ ಸೊಸೇದು ಬರೀರಿ."

ಹದಿನೈದು ದಿನದಲ್ಲಿ ಸಮಿತಿ ಒಪ್ಪಿತು. ರಸ್ತೆ ಆ ಕಟ್ಟಡದ ಮುಂದೆ ಸ್ವಲ್ಪ ಬಳಸಿಕೊಂಡು ಹೋಗುತ್ತದೆ, ಬೇಕಾದರೆ ಹೋಗಿ ನೋಡಬಹುದು. ಕಚೇರಿಯ ಕಡತದಲ್ಲಿ ಊರಿನ ಹಳೇ ಕಟ್ಟಡಗಳ ಚಿತ್ರಗಳೆಲ್ಲ ಒಬ್ಬ ನರಪಿಳ್ಳೆಯೂ ಇಲ್ಲದೆ ಗಂಭೀರವಾಗಿ ನಿಂತಿವೆ. ಈ ಒಂದು ಪುಟದಲ್ಲಿ ಮಾತ್ರ ಮೈಯೆಲ್ಲ ಬಿಳಿ ಪುಡಿಯಾದ ಹೆಂಗಸೊಬ್ಬಳು, ಕಣ್ಣಲ್ಲಿ ನೀರು ಇಟ್ಟುಕೊಂಡೇ ಬಾಯಿ ತುಂಬ ನಗುತ್ತಿದ್ದಾಳೆ. ಹಿಂದೆ ಹಾರೆ ಹಿಡಿದವನೊಬ್ಬ ಅಲ್ಲಾಡಿ ಮಸುಕಾಗಿದ್ದಾನೆ. ಪುಟದ ಕೊನೆಯಲ್ಲಿ, ಕಟ್ಟಡ ಉಳಿಸಲು ನೆರವಾದವರು ಎಂಬಲ್ಲಿ ಮೇಡಂ ಅವನದೇ ಸಹಿ ಬೇಕು ಎಂದು ಹಟ ಹಿಡಿದು ಜಾಗ ಖಾಲಿ ಬಿಟ್ಟಿದ್ದಾರೆ. ನಾಳೆ ಬಂದು ಹಾಕುತ್ತೇನೆ ಅಂದಿದ್ದಾನೆ.