ಬಾಗಿಲು ತಟ್ಟುವ ಬಂಡೆರಾಯ

ಬಂಡೆರಾಯ ನಿಲ್ಲುವ ರೀತಿ ನನ್ನದು. ಕಾಮಿಕ್ಸ್ ಪುಸ್ತಕಗಳಲ್ಲಿ ಗೋಡೆ ಒಡೆದು ಜನರನ್ನು ಕಾಪಾಡುವ ಆ ಏಳಡಿಯ ವೀರನ ಕತೆ, ಚಿತ್ರ ಎರಡೂ ನನ್ನ ಅಣ್ಣನವು. ಬರೆಯುವ ಮೊದಲು ಅವನ ಕಣ್ಣೆದುರು ಯಾರಾದರೂ ಹಾಗೆ ನಿಂತಿರಬೇಕು. ತರಗತಿಯಲ್ಲಿ ಎದ್ದು ಓದು ಎಂದರೆ ಬಾಯಿ ಬಾರದೆ, ಶಾಲೆಯನ್ನೇ ಬಿಟ್ಟು ಮನೆ ಸೇರಿದ್ದ ನಾನೊಬ್ಬಳೇ ಅವನ ಕೈಗೆ ಸಿಕ್ಕಿದ್ದು. ಕುತ್ತಿಗೆಗೆ ಹೊದಿಕೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಬೋರಲು ಮಲಗಿದರೆ ಅದು ಹಾರಾಟ. ಭುಜ, ತೋಳು, ಮೀಸೆಗಳನ್ನು ಅಣ್ಣ ಆಮೇಲೆ ಸೇರಿಸುತ್ತಿದ್ದ.

"ಲೋಕ ಉಳಿಸಿದ್ದು ಆಯ್ತಾ? ಹಾಗಾದ್ರೆ ಹೊದಿಕೆ ಬಿಚ್ಚಿಕೊಡು, ಒಗೀಬೇಕು" ಎನ್ನುತ್ತಿದ್ದಳು ಅಮ್ಮ.

ಮೊದಮೊದಲು ಬಂಡೆರಾಯನಿಗೆ ಮುಷ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಗುದ್ದುತ್ತಿದ್ದ, ಗೆಲ್ಲುತ್ತಿದ್ದ, ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ. ಆ ಸೊಂಟದ ಮೇಲಿನ ಕೈ ಮಾತ್ರ ನನಗೆ ಒಗ್ಗಲಿಲ್ಲ. ಜನ ಜೈಕಾರ ಹಾಕುವ ಚಿತ್ರಕ್ಕೆ ನಿಲ್ಲು ಎಂದರೆ ನನ್ನ ಕತ್ತು ತಾನಾಗಿ ಬಗ್ಗುತ್ತಿತ್ತು, ಬೆರಳುಗಳು ಹೊದಿಕೆಯ ಅಂಚು ಹುಡುಕುತ್ತಿದ್ದವು. ಗದರಿ ಗದರಿ ಸಾಕಾದ ಅಣ್ಣ ಒಂದು ಸಂಚಿಕೆಯಲ್ಲಿ ಇದ್ದದ್ದನ್ನು ಇದ್ದಹಾಗೇ ಬರೆದುಬಿಟ್ಟ. ಹೊಗಳಿದರೆ ಇವನೇಕೆ ಮುಖ ಮರೆಸಿಕೊಳ್ಳುತ್ತಾನೆ ಎಂದು ಓದುವ ಮಕ್ಕಳು ಕೇಳತೊಡಗಿದರು. ಉತ್ತರ ಕೊಡಬೇಕಲ್ಲ, ಅಣ್ಣ ಅವನಿಗೊಂದು ಬಾಲ್ಯ ಕೊಟ್ಟ. ತನ್ನ ಬಲ ತನಗೇ ತಿಳಿಯದೆ, ಆಟವಾಡುತ್ತ ಮನೆಯ ಕಂಬ ಮುರಿದ ಹುಡುಗ. ಅಂದಿನಿಂದ ಏನು ಮುಟ್ಟಲೂ ಹೆದರುವವನು.

ಆಮೇಲೆ ಬಂದದ್ದು ಬಾಗಿಲು. ಯಾರ ಮನೆಗೆ ಹೋದರೂ ನಾನು ತಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು ಕಾಯುತ್ತೇನೆ. ಅದೂ ಅವನಿಗೆ ಹೋಯಿತು. ಒಂದೇ ಗುದ್ದಿಗೆ ಪುಡಿಯಾಗುವ ಬಾಗಿಲನ್ನು ಬಂಡೆರಾಯ ತಟ್ಟುತ್ತಾನೆ, ಕಾಯುತ್ತಾನೆ.

ಹೊಸದಾಗಿ ಬಂದ ಸಂಪಾದಕಿ ಒಂದು ಸಂಜೆ ನಮ್ಮ ಮನೆಗೇ ಬಂದರು. ಪುಸ್ತಕ ಮೊದಲಿನಷ್ಟು ಓಡುತ್ತಿಲ್ಲ, ಈ ತಟ್ಟುವುದು ಕಾಯುವುದೆಲ್ಲ ಕತೆಯ ಕಾಲಿಗೆ ಅಡ್ಡ ಎಂದರು. ಮುಂದಿನ ಸಂಚಿಕೆಯಲ್ಲಿ ಒಬ್ಬ ತಾಯಿ, ಎರಡು ಮಕ್ಕಳು ಮನೆಯೊಳಗೆ ಚಿಲಕ ಹಾಕಿಕೊಂಡು ಅಡಗಿರುತ್ತಾರೆ. ಬಂಡೆರಾಯ ಬಾಗಿಲು ಒದ್ದು ನುಗ್ಗಬೇಕು. ಇನ್ನು ಮುಂದೆ ಯಾವಾಗಲೂ ಹಾಗೆಯೇ. ಅಣ್ಣ ಸರಿ ಎಂದು ತಲೆಯಾಡಿಸಿದ.

ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೇಳುತ್ತ ನಿಂತಿದ್ದ ನಾನು ಬಂದು ಅದನ್ನು ಸಂಪಾದಕಿಯ ಕೈಗಿಟ್ಟೆ. ತಟ್ಟುವ ಆ ಕೈ ಹೋದರೆ ಅವನಲ್ಲಿ ಮತ್ತೆ ಮುಷ್ಟಿಯೊಂದೇ ಉಳಿಯುತ್ತಿತ್ತು.

ಸಂಪಾದಕಿಗೆ ಈಗಲೇ ತೋರಿಸೋಣವೆಂದು ಅಣ್ಣ ಇಸ್ತ್ರಿ ಹಲಗೆಯನ್ನು ಗೋಡೆಗೆ ಒರಗಿಸಿ, ಒದೆಯಲು ಕಾಲೆತ್ತು ಎಂದ. ಎತ್ತಿದೆ. ಇಳಿಸಿದೆ. ಕೈ ಮುಂದೆ ಹೋಗಿ ಹಲಗೆಯನ್ನು ತಟ್ಟಿತು.

"ಏನಮ್ಮಾ, ಒದಿ ಅಂದ್ರೆ ತಟ್ತೀಯಲ್ಲ?" ಎಂದರು ಸಂಪಾದಕಿ.

"ಅವಳು ಹಾಗೇ ಮೇಡಂ" ಎಂದ ಅಣ್ಣ. "ಏನು ಕೇಳಿದ್ರೂ ಬಾಯಿ ಬಿಡಲ್ಲ."

ಬಿಟ್ಟೆ. "ಒಳಗಿರೋರಿಗೆ ಬಂದಿರೋದು ಯಾರು ಅಂತ ಹೇಗೆ ಗೊತ್ತಾಗ್ಬೇಕು ಮೇಡಂ? ಕೇಡಿನೂ ಒದ್ಕೊಂಡೇ ಬರ್ತಾನೆ. ಇವನು ತಟ್ತಾನೆ. ಇಬ್ಬರಿಗೂ ಇರೋ ವ್ಯತ್ಯಾಸ ಅಷ್ಟೇ."

ಸಂಪಾದಕಿ ಲೋಟ ಕೆಳಗಿಟ್ಟರು. ಅವರೇನು ಸುಮ್ಮನೆ ಒಪ್ಪುವವರಲ್ಲ.

"ಸರಿ, ತಟ್ಟಿದ. ಭಯಕ್ಕೆ ಅವ್ರು ತೆಗೀಲಿಲ್ಲ. ಒಳಗೆ ಹೊಗೆ ತುಂಬ್ತಾ ಇದೆ. ಆಗ?"

ಇದನ್ನು ನಾನು ಯೋಚಿಸಿರಲಿಲ್ಲ. ತೆರೆಯದ ಬಾಗಿಲುಗಳಿಂದ ನಾನು ಸುಮ್ಮನೆ ವಾಪಸ್ ಬಂದವಳು. ಬಂಡೆರಾಯನಿಗೆ ಹಾಗೆ ಬರಲಾಗದು.

"ಒಡೀತಾನೆ" ಎಂದೆ.

ಸಂಪಾದಕಿ ನಕ್ಕು ಅಣ್ಣನ ಕಡೆ ತಿರುಗಿದರು. ಅಣ್ಣ ಮಾತ್ರ ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದ. "ಒಡೆದ ಮೇಲೆ ಏನ್ಮಾಡ್ತಾನೆ?" ಎಂದ. ಇಷ್ಟು ವರ್ಷ ಹೇಗೆ ನಿಲ್ಲಬೇಕೆಂದು ಅವನೇ ನನಗೆ ಹೇಳುತ್ತಿದ್ದ. ಕೇಳಿದ್ದು ಇದೇ ಮೊದಲು.

ನಾನು ಹಲಗೆಯನ್ನು ನೆಲಕ್ಕೆ ಮಲಗಿಸಿ, ಮುಂಬಾಗಿಲ ಚೌಕಟ್ಟಿನಲ್ಲಿ ಹೋಗಿ ನಿಂತೆ. ಬೆನ್ನು ಅವರ ಕಡೆಗೆ, ಮುಖ ಬೀದಿಗೆ, ಎರಡು ಕೈಯೂ ಚೌಕಟ್ಟಿಗೆ.

"ಹೊಗೆ ಹೋಯ್ತು, ಜೀವ ಉಳೀತು. ಆದ್ರೆ ಬಾಗಿಲಿಲ್ಲದ ಮನೇಲಿ ಆ ಮಕ್ಕಳು ಹೇಗೆ ಮಲಗ್ತಾರೆ? ಬಡಗಿ ಬರೋವರೆಗೆ ಇವನೇ ಬಾಗಿಲು."

ಸಂಪಾದಕಿ, "ಬಡಗಿ ಎಷ್ಟೊತ್ತಿಗೆ ಬರ್ತಾನೆ?" ಎಂದು ಕೇಳಿದರು.

"ಬಡಗಿ ಯಾವತ್ತು ಹೇಳಿದ ಹೊತ್ತಿಗೆ ಬಂದಿದ್ದಾನೆ?" ಎಂದಳು ಅಮ್ಮ ಒಳಗಿಂದಲೇ.

ಸಂಪಾದಕಿ ಮನಸಾರೆ ನಕ್ಕರು. ಒಡೆಯುವುದು ಒಂದು ಪುಟ ತುಂಬ ಬರಲಿ, ಅದನ್ನು ತಾನು ಬಿಟ್ಟುಕೊಡುವುದಿಲ್ಲ; ಆದರೆ ಅದಕ್ಕೆ ಮೊದಲು ತಟ್ಟಲಿ, ಕೊನೆಯ ಪುಟ ಪೂರ್ತಿ ಈ ನಿಂತಿರುವುದಕ್ಕೇ ಇರಲಿ ಎಂದರು.

ಅಣ್ಣ ಅಲ್ಲಾಡಬೇಡ ಎಂದು ಹೇಳಿ, ಅಂಗಳಕ್ಕಿಳಿದು ನನ್ನೆದುರು ಕೂತು ಬರೆಯತೊಡಗಿದ. ತಲೆಯೆತ್ತದೆ, "ಕತ್ತು ಸ್ವಲ್ಪ ಬಗ್ಗಿಸು, ಅವನ ಹಾಗೆ" ಎಂದ.

"ಇಲ್ಲಿ ಅವನು ಬಗ್ಗಿಸಲ್ಲ ಅಣ್ಣ" ಎಂದೆ. "ಬೀದಿ ಕಾಯ್ತಾ ಇದಾನೆ."

ಅಣ್ಣ ರಬ್ಬರ್ ತೆಗೆದುಕೊಂಡು, ಬಗ್ಗಿಸಿ ಬರೆದಿದ್ದ ತಲೆಯನ್ನು ಅಳಿಸಿದ.