ನರಸಿಂಹಮ್ಮನವರ ಸೊಸೆಗೆ ಮೋಡ

1

ಈ ಕತೆಯನ್ನು ಎಲ್ಲಿಂದ ಶುರು ಮಾಡುವುದು ಎಂಬುದೇ ಒಂದು ಪೇಚು. ಮಳೆಯಿಂದ ಶುರು ಮಾಡೋಣವೆಂದರೆ, ನಮ್ಮ ತುಮಕೂರು ಸೀಮೆಯಲ್ಲಿ ಮಳೆ ಬಂದ ಕೂಡಲೇ ಕತೆ ಮುಗಿದುಹೋಗುತ್ತದೆ. ನಾನು ಕೇಳಿ ಬೆಳೆದ ಕತೆಗಳೆಲ್ಲ ಹಾಗೆಯೇ. ಕೆರೆ ಒಣಗುತ್ತದೆ, ಯಾರೋ ಒಬ್ಬಳು ಪುಣ್ಯಾತ್ಗಿತ್ತಿ ಏನನ್ನೋ ಬಿಟ್ಟುಕೊಡುತ್ತಾಳೆ, ದೇವರು ಕಣ್ಣು ಬಿಡುತ್ತಾನೆ, ಮಳೆ ಹುಯ್ಯುತ್ತದೆ, ಕೇಳುತ್ತಿದ್ದವರು ಕೈಮುಗಿದು ಎದ್ದು ಊಟಕ್ಕೆ ಹೋಗುತ್ತಾರೆ. ನನ್ನದು ಮಳೆ ಬಂದ ಮೇಲಿನ ಕತೆ. ಅಂದರೆ, ಕೇಳುವವರು ಎದ್ದು ಹೋದ ಮೇಲೆ ಉಳಿದದ್ದು.

(ಗಣಪತಿಗೆ ನಮಸ್ಕಾರ ಹಾಕಿಯೇ ಕೂತಿದ್ದೇನೆ. ಇಂಥ ಬರವಣಿಗೆಗೆ ಆಧುನಿಕೋತ್ತರವೋ ಏನೋ ಅನ್ನುತ್ತಾರಂತೆ. ಗಣಪತಿಗೆ ಅದರಿಂದ ಬೇಸರವಿಲ್ಲ, ವಿಚಾರಿಸಿಕೊಂಡೆ.)

2

ಊರು ಕುಣಿಗಲ್ಲು. ಕನ್ನಡ ಸೀಮೆಗಳೆಲ್ಲ ಸೇರಿ ನಮ್ಮ ರಾಜ್ಯ ದೊಡ್ಡದಾದ ಮೇಲಿನ ಎರಡನೆಯ ಬೇಸಗೆ. ಬೇಸಗೆ ಎಂದು ಪಂಚಾಂಗದಲ್ಲಿತ್ತು, ಆಕಾಶದಲ್ಲಿರಲಿಲ್ಲ. ಭರಣಿ ಮಳೆ ಹಿಡಿದದ್ದು ಬಿಡದೆ ಕೃತ್ತಿಕೆಯ ಕೈಗೆ ಊರನ್ನು ಒಪ್ಪಿಸಿ ಹೋಗಿತ್ತು. ವೈಶಾಖದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಣಗಬೇಕಾದ ಹಪ್ಪಳ ನಡುಮನೆಯ ಮಂಚದ ಮೇಲೆ ಬೂಷ್ಟು ಹಿಡಿಯುತ್ತಿತ್ತು. ಮಧ್ಯಾಹ್ನಕ್ಕೇ ದೀಪ ಹಚ್ಚಬೇಕು.

ಜನ ಸಂತೋಷವಾಗಿದ್ದರು. ಇರಲೇಬೇಕಿತ್ತು. ನಮ್ಮ ಕಡೆ ಮಳೆಯನ್ನು ಸಾಕು ಅನ್ನುವಂತಿಲ್ಲ. ಬಳೆ ಒಡೆಯಿತು ಅನ್ನದೆ ಬಳೆ ಹೆಚ್ಚಿತು ಅನ್ನುತ್ತೇವಲ್ಲ, ಆ ಜಾತಿಯ ಕಟ್ಟಳೆ. ಗೋಡೆ ಬಿದ್ದವನೂ "ಒಳ್ಳೇ ಮಳೆ" ಅನ್ನುತ್ತ ಗೋಡೆಯ ಕೆಳಗಿನಿಂದ ಪಾತ್ರೆ ಎಳೆದುಕೊಳ್ಳುತ್ತಿದ್ದ. ಹುಲಿಯೂರುದುರ್ಗದ ಕಡೆಯಿಂದ ಎಳನೀರು ತಂದು ಮಾರುವ ಕಾಳಯ್ಯ, ಒಂದು ಕಾಯೂ ಖರ್ಚಾಗದೆ, ತಲೆಯ ಮೇಲೆ ಗೋಣಿ ಹೊದ್ದು ನಡುಗುತ್ತ ಕೂತಿರುತ್ತಿದ್ದ. "ಬರ್ಲಿ ಬುಡಿ ಸ್ವಾಮಿ, ತವರಿಗೆ ಬಂದಂಗೆ ಬಂದವ್ಳೆ."

ಇಂಥ ಊರಿನಲ್ಲಿ ಉಮಾಮಹೇಶ್ವರಿ ಕಿಟಕಿಯ ಪಕ್ಕದ ಗೋಡೆಗೊರಗಿ ಕೂತುಬಿಟ್ಟಳು. ಅವಳು ತಾಲ್ಲೂಕು ಕಚೇರಿಯ ಗುಮಾಸ್ತ ಸುಬ್ಬಕೃಷ್ಣನ ಹೆಂಡತಿ, ತವರು ಗುಬ್ಬಿ. ಅಳಲಿಲ್ಲ, ಜಗಳವಾಡಲಿಲ್ಲ. ಕೆಲಸಕ್ಕೆ ಕರೆದರೆ ಎದ್ದು ಮಾಡುತ್ತಿದ್ದಳು, ಮತ್ತೆ ಬಂದು ಅಲ್ಲೇ ಕೂರುತ್ತಿದ್ದಳು.

"ಏನಾಯ್ತೇ?" ಅತ್ತೆ ನರಸಿಂಹಮ್ಮ ಕೇಳಿದರು.

"ಏನಿಲ್ಲ ಅಮ್ಮ."

"ಏನಿಲ್ದೆ ಯಾರಾದ್ರೂ ಹೀಗೆ ಕೂರ್ತಾರಾ?"

"ಗೊತ್ತಿಲ್ಲ. ಬೆಳಗಾಯ್ತು ಅಂತ್ಲೇ ಅನ್ಸಲ್ಲ."

3

(ಈ ಭಾಗವನ್ನು ಹೊಡೆದುಹಾಕಿದ್ದೇನೆ. ಆದರೂ ಓದಿ, ಶ್ರಮಪಟ್ಟು ಬರೆದದ್ದು.)

ಕಾರಣವಿಲ್ಲದ ಬೇಸರವನ್ನು ಯಾವ ಸಂಪಾದಕರೂ ಅಚ್ಚು ಹಾಕುವುದಿಲ್ಲ. ಆದ್ದರಿಂದ ಮೊದಲ ಕರಡಿನಲ್ಲಿ ಉಮಾಮಹೇಶ್ವರಿಗೆ ಒಂದು ಮಗು ಕೊಟ್ಟು, ತೊಟ್ಟಿಲಿನಲ್ಲಿರುವಾಗಲೇ ತೆಗೆದುಕೊಂಡೆ. ಬರೆಯುತ್ತ ನನಗೇ ಕಣ್ಣು ತುಂಬಿ ಬಂತು. ನನ್ನ ಬಗ್ಗೆ ಸ್ವಲ್ಪ ಗೌರವವೂ ಹುಟ್ಟಿತು. ಅಷ್ಟರಲ್ಲಿ ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಯಾರದು ಆ ಮಗು?"

"ನಿಂದೇ ತಾಯಿ."

"ನಾನು ಹೆತ್ತಿಲ್ಲ. ನನಗೆ ಬೇಜಾರಾಗಿದೆ ಅಂತ ನೀವು ನಂಬೋಕೆ ಒಂದು ಹೆಣ ಬೇಕಾ?"

ಎರಡನೆಯ ಕರಡಿನಲ್ಲಿ ಸುಬ್ಬಕೃಷ್ಣನಿಗೆ ಹೆಬ್ಬೂರಿನಲ್ಲಿ ಒಂದು ಸಂಬಂಧ ಕಟ್ಟಿದೆ. ಈ ಸಲ ಅವನೇ ಕಚೇರಿಯಿಂದ ಛತ್ರಿ ಹಿಡಿದು ಬಂದ. "ಅಲ್ಲ ಸ್ವಾಮಿ, ಹೆಬ್ಬೂರಿಗೆ ಹೋಗಿ ಬರೋಕೆ ರಜಾ ಯಾರು ಕೊಡ್ತಾರೆ? ನಮ್ಮ ಸಾಹೇಬ್ರು ನನ್ನ ಮದುವೆಗೇ ಅರ್ಧ ದಿನ ಕೊಟ್ಟಿದ್ದು." ನ್ಯಾಯವಾದ ಮಾತು. ಅದನ್ನೂ ಹೊಡೆದುಹಾಕಿದೆ.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ಉಮಾಮಹೇಶ್ವರಿ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತಾಳೆ, ಮೋಡ ಸರಿಯುತ್ತದೆ, ಬಿಸಿಲಿನ ಒಂದು ಕೋಲು ಗರ್ಭಗುಡಿಯವರೆಗೆ ಬಂದು...

"ಬಿಸಿಲು ಬಂದ್ರೆ ಹಪ್ಪಳ ಒಣಗುತ್ತೆ," ಅಂದಳು. "ನನ್ನ ವಿಷಯಕ್ಕೆ ಬನ್ನಿ."

"ದೇವರೂ ಬೇಡ್ವೇನಮ್ಮ?"

"ದೇವರಿಗೆ ಬೆಳಿಗ್ಗೇನೇ ಹೇಳ್ಕೊಂಡಿದೀನಿ. ಅವನು ಕಾರಣ ಕೇಳ್ಲಿಲ್ಲ. ನೀವೇ ಕೇಳ್ತಿರೋದು."

"ಹಾಗಾದ್ರೆ ನಿನಗೆ ಏನು ಬೇಕು?"

"ಮನೇಲಿ ಒಬ್ರು, ಒಬ್ಬರೇ ಒಬ್ರು, ಯಾಕೆ ಅನ್ನದೆ ನನ್ನ ಮಾತು ನಂಬಬೇಕು."

ಇಷ್ಟು ಚಿಕ್ಕ ಬೇಡಿಕೆಯಿಂದ ಕತೆ ಹೇಗೆ ಬೆಳೆಸುವುದು? ಆದರೂ ಗುರುತು ಹಾಕಿಕೊಂಡೆ.

4

ಕಡೆಗೆ ನರಸಿಂಹಮ್ಮ ಸೊಸೆಯನ್ನು ತುಮಕೂರಿಗೆ ಬಸ್ಸು ಹತ್ತಿಸಿಕೊಂಡು ಹೊರಟರು. ಬಸ್ಸಿನ ಚಾವಣಿ ಸೋರುತ್ತಿತ್ತು. ಜನ ಒಳಗೇ ಛತ್ರಿ ಬಿಚ್ಚಿ ಕೂತು "ಒಳ್ಳೇ ಮಳೆ" ಅನ್ನುತ್ತಿದ್ದರು.

ಡಾಕ್ಟರು ಮದರಾಸಿನಲ್ಲಿ ಓದಿದವರು. ಅವರ ಕನ್ನಡದಲ್ಲಿ ಕ್ರಿಯಾಪದಗಳು ಮಾತ್ರ ಕನ್ನಡದವು. ನಾಡಿ ಹಿಡಿದರು, ನಾಲಿಗೆ ನೋಡಿದರು, ಬೆನ್ನು ತಟ್ಟಿ ಕೇಳಿದರು.

"ಬಾಡಿ ಫಸ್ಟ್ ಕ್ಲಾಸ್ ಆಗಿದೆ. ಮೂಡ್ ಸರಿಯಿಲ್ಲ, ದಟ್ಸ್ ಆಲ್."

"ಏನು ಸರಿಯಿಲ್ಲ?" ನರಸಿಂಹಮ್ಮನವರಿಗೆ ಒಂದು ಕಿವಿ ಮಂದ. ತಗಡಿನ ಸೂರಿನ ಮೇಲೆ ಮಳೆ ಬೇರೆ ಬಾರಿಸುತ್ತಿತ್ತು.

"ಮೂಡ್, ಮೂಡ್."

ನರಸಿಂಹಮ್ಮ ಕಿಟಕಿಯಾಚೆ ಕತ್ತೆತ್ತಿ ನೋಡಿದರು. "ಮೋಡ ಚೆನ್ನಾಗೇ ಇದ್ಯಲ್ಲ ಡಾಕ್ಟ್ರೇ."

"ಹೊರಗಲ್ಲ ಅಮ್ಮ. ಒಳಗೆ."

(ಇಲ್ಲಿ ನಾನು ಅಡ್ಡ ಬಂದು ತಿದ್ದಬಹುದಿತ್ತು. ಇಂಗ್ಲಿಷಿನ ಆ ಪದಕ್ಕೆ ನಮ್ಮಲ್ಲಿ ಏನನ್ನುತ್ತಾರೆ ಎಂದು ಯೋಚಿಸುತ್ತ ಕೂತೆ. ಅಷ್ಟರಲ್ಲಿ ಅವರಿಬ್ಬರೂ ಬಸ್ಸು ಹತ್ತಿಬಿಟ್ಟರು.)

5

"ನಮ್ಮ ಸೊಸೆಗೆ ಒಳಗೆ ಮೋಡವಂತೆ. ಡಾಕ್ಟ್ರೇ ಹೇಳಿದ್ರು."

ಬೀದಿಯ ಹೆಂಗಸರು ನೋಡಲು ಬಂದರು. ಕಾಯಿಲೆಯವರನ್ನು ನೋಡಲು ಹಣ್ಣು ತರಬೇಕೋ, ಮೋಡವೆಂದರೆ ಶುಭವಾದ್ದರಿಂದ ಅರಿಶಿನ ಕುಂಕುಮ ತರಬೇಕೋ ತಿಳಿಯದೆ ಎರಡನ್ನೂ ತಂದರು. ಪಕ್ಕದ ಮನೆಯ ಅಲಮೇಲಮ್ಮ ಹತ್ತಿರ ಸರಿದು ಕೂತು ಕೇಳಿದರು.

"ಹೇಗಿರುತ್ತೆ ಕಣೇ ಅದು?"

"ಎದೇಲಿ ಏನೋ ಕವ್ಕೊಂಡ ಹಾಗೆ. ಸುರಿಯೋದೂ ಇಲ್ಲ, ಹೋಗೋದೂ ಇಲ್ಲ."

ಅಲಮೇಲಮ್ಮ ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೆಳಗಿಟ್ಟರು. "ಅದು ನಂಗೂ ಇದೆ. ಮದುವೆಯಾದಾಗಿನಿಂದ ಇದೆ. ನಾನು ಪಿತ್ತ ಅನ್ಕೊಂಡಿದ್ದೆ."

ಮಾರನೆಯ ದಿನ ಅಲಮೇಲಮ್ಮ ಒಲೆ ಹಚ್ಚಲಿಲ್ಲ. ಗಂಡ ಅನಂತರಾಮಯ್ಯ ಏನೆಂದು ವಿಚಾರಿಸಿದ್ದಕ್ಕೆ "ಇವತ್ತು ನಂಗೆ ಮೋಡ" ಅಂದರು. ಅನಂತರಾಮಯ್ಯನವರಿಗೆ ಬೈಯಲು ಬಾಯಿ ಬರಲಿಲ್ಲ. ಕುಣಿಗಲ್ಲಿನಲ್ಲಿ ಹುಟ್ಟಿ ಮೋಡವನ್ನು ಬೈದವನು ಯಾರು? ರಾತ್ರಿಯ ಅನ್ನಕ್ಕೆ ಮಜ್ಜಿಗೆ ಹುಯ್ದುಕೊಂಡು ತಣ್ಣಗೆ ಉಂಡರು.

ಆಮೇಲೆ ಬೀದಿಯನ್ನು ಹಿಡಿಯುವವರಿರಲಿಲ್ಲ. ಹಿತ್ತಲಿನಿಂದ ಹಿತ್ತಲಿಗೆ "ಏನೇ, ಮೋಡವೇ?" "ಬೆಳಿಗ್ಗೆ ಇತ್ತು, ಈಗ ಪರವಾಗಿಲ್ಲ." ಹೆಂಗಸರಿಗೆ ಲಾಭವಾದದ್ದು ಗಂಡಸರ ಕಣ್ಣಿಗೆ ಬೀಳದೆ ಇರುತ್ತದೆಯೇ? ತಾಲ್ಲೂಕು ಕಚೇರಿಯಲ್ಲಿ ಸಾಹೇಬರಿಗೆ ಮೋಡ, ಅರ್ಜಿದಾರರು ನಾಳೆ ಬರಬೇಕು. ಬಸ್ಸಿನ ಡ್ರೈವರು ಮೋಡವೆಂದು ಹೆಬ್ಬೂರಿನಲ್ಲಿ ನಿಲ್ಲಿಸಲೇ ಇಲ್ಲ. "ನಂಗೂ ಮೋಡ ಕಣವ್ವಾ," ಅಂದ ಕಾಳಯ್ಯ, "ನಮ್ಮ ಎಮ್ಮೆಗೂ ಅದೇಯಾ. ಕರೂನೂ ಮೂಸ್ತಿಲ್ಲ." ಸುದ್ದಿ ಗುಬ್ಬಿ ಮುಟ್ಟಿ, ಅಲ್ಲಿಯ ಅಂಗಡಿ ಬೀದಿಯವರು ಕುಣಿಗಲ್ಲಿನವರಿಗಿಂತ ತಮ್ಮ ಮೋಡವೇ ಗಟ್ಟಿ ಎಂದರು. ಪುರಸಭೆಯ ಸದಾಶಿವಯ್ಯ ಒಂದು ಮೋಡ ಪರಿಹಾರ ಸಮಿತಿ ರಚಿಸಿ ತಾವೇ ಅಧ್ಯಕ್ಷರಾದರು. ಅಧ್ಯಕ್ಷರಿಗೆ ಮೋಡವಾದ್ದರಿಂದ ಮೊದಲ ಸಭೆ ಮುಂದಕ್ಕೆ ಹೋಯಿತು.

(ಈ ಭಾಗ ಬರೆಯುವಾಗ ನನಗೆ ಬಹಳ ಹುರುಪಿತ್ತು. ಎಮ್ಮೆಯ ಬಗ್ಗೆ ಇನ್ನೂ ಒಂದು ಪುಟವಿತ್ತು.)

6

ಆ ಹುರುಪಿನಲ್ಲಿ ನಾನು ಗಮನಿಸದೆ ಹೋದದ್ದು ಇದು. ಉಮಾಮಹೇಶ್ವರಿ ಎಲೆಯ ಮುಂದೆ ಕೂತು, ಅನ್ನ ಕಲಸಿ, ಬಾಯಿಗಿಡದೆ ಎಲೆ ಮಡಿಸಿಕೊಂಡು ಏಳುತ್ತಿದ್ದಳು.

"ಏಳೇ," ಅನ್ನುತ್ತಿದ್ದ ಸುಬ್ಬಕೃಷ್ಣ. "ನಿಂದೇನು ಹೆಚ್ಚು? ಊರಿಗೆಲ್ಲ ಇದೆ."

"ಬೀದಿಗೆಲ್ಲ ಹಂಚಿದೋಳು ನೀನು," ಅನ್ನುತ್ತಿದ್ದರು ನರಸಿಂಹಮ್ಮ. "ಹಂಚಿದ ಮೇಲೂ ಉಳ್ಕೊಂಡಿದ್ಯೇನು? ಹೋಗು, ಕಾಫಿಗೆ ನೀರಿಡು."

ಉಮಾಮಹೇಶ್ವರಿ ಈ ಸಲ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಗೋಡೆಗೆ ಹೇಳುವಂತೆ ಹೇಳಿದಳು. "ಹೆಸರಿಲ್ಲದಾಗ ಯಾರೂ ನಂಬ್ಲಿಲ್ಲ. ಈಗ ಹೆಸರಿದೆ, ಅದನ್ನ ಎಲ್ರೂ ಇಟ್ಕೊಂಡ್ರು. ಎಮ್ಮೆಯನ್ನ ನಂಬ್ತಾರೆ. ನನ್ನ ನಂಬಲ್ಲ."

7

ಮುಕ್ತಾಯಗಳು. ಆರಿಸಿಕೊಳ್ಳಿ.

ಅ) ಬಿಸಿಲು ಬರುತ್ತದೆ. (ಬೇಡವೆಂದು ಅವಳು ಆಗಲೇ ಹೇಳಿದ್ದಾಳೆ.)

ಆ) ಗುಬ್ಬಿಯಿಂದ ತಾಯಿ ಶಕುಂತಲಮ್ಮ ಬಂದು ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. (ಗುಬ್ಬಿಯ ಸ್ಥಿತಿ ನಿಮಗೆ ಗೊತ್ತು. ಅಲ್ಲಿ ಅವಳ ಮೋಡಕ್ಕೆ ಕಡೆಯ ಸ್ಥಾನ.)

ಇ) ಕುಣಿಗಲ್ಲಿನ ಕೆರೆ ತುಂಬಿ ಕೋಡಿ ಬಿದ್ದಿದೆ, ಅವಳಿಗೆ ದಾರಿ ಗೊತ್ತು. ಈ ಮುಕ್ತಾಯವನ್ನು ಚೆನ್ನಾಗಿ ಬರೆಯುವವರು ಬಹಳ ಜನ ಇದ್ದಾರೆ. ನಾನು ಬರೆಯುವುದಿಲ್ಲ. ಲೇಖನಿ ಕೆಳಗಿಟ್ಟು, ಕಣ್ಣು ಮುಚ್ಚಿ, ನನಗೆ ಬರುವ ಒಂದೇ ಸ್ತೋತ್ರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡೆ. ಈ ಸಾಲುಗಳಿಗೆ ನಗಬೇಡಿ.

8

ಸ್ತೋತ್ರ ಮುಗಿಸಿ ಕಣ್ಣು ಬಿಟ್ಟಾಗ ನರಸಿಂಹಮ್ಮ ಹಿತ್ತಲಿನಲ್ಲಿದ್ದರು. ಹಸುವಿಗೆ ಕಲಗಚ್ಚು ಕಲಸಲು ಬಾನಿಗೆ ಕೈ ಹಾಕಿದವರು ಹಾಗೆಯೇ ನಿಂತಿದ್ದರು. ಬಾನಿಯಲ್ಲಿ ಅನ್ನವಿತ್ತು. ಸಾರು ಹಾಕಿ ಕಲಸಿದ ಅನ್ನ, ತುತ್ತು ಕಟ್ಟಿದ ಬೆರಳಿನ ಗುರುತು ಇನ್ನೂ ಅದರ ಮೇಲಿತ್ತು.

ಕೈ ತೊಳೆದುಕೊಂಡು ಒಳಗೆ ಬಂದರು. ಸೆರಗಿನಲ್ಲಿ ಕೈ ಒರೆಸುತ್ತ ಸೊಸೆಯ ಪಕ್ಕ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತರು. ಅತ್ತೆ ಸೊಸೆಯ ಸಮಕ್ಕೆ ನೆಲದ ಮೇಲೆ ಕೂರುವುದು ಆ ಮನೆಯಲ್ಲಿ ನಾನು ನೋಡಿರಲಿಲ್ಲ.

ಇಂಥ ಗಳಿಗೆಗೆಂದೇ ನರಸಿಂಹಮ್ಮನವರಿಗೆ ಒಂದು ಮಾತು ಬರೆದಿಟ್ಟಿದ್ದೆ. ಕ್ಷಮೆ, ತಾಯ್ತನ, ಭೂಮಿ ತೂಕದ ಸಹನೆ, ಎಲ್ಲವೂ ಇದ್ದ ಮಾತು. ಅವರು ಅದರ ಮೇಲೆ ಕಣ್ಣಾಡಿಸಿ ಪಕ್ಕಕ್ಕೆ ಸರಿಸಿದರು.

"ಇದನ್ನ ನೀವೇ ಹೇಳ್ಕೊಳಿ ಸ್ವಾಮಿ. ನನ್ನ ಬಾಯಿಗೆ ಹೊಂದಲ್ಲ."

ಆಮೇಲೆ ಸೊಸೆಯ ಮುಖ ನೋಡದೆ ಕೇಳಿದರು.

"ಬೆಳಿಗ್ಗೆ ಹೊತ್ತು ಜಾಸ್ತಿನೋ, ಸಾಯಂಕಾಲ ಜಾಸ್ತಿನೋ?"

ಉಮಾಮಹೇಶ್ವರಿ ನಿಧಾನವಾಗಿ ಅವರ ಕಡೆ ತಿರುಗಿದಳು.

"ಬೆಳಿಗ್ಗೆ ಅಮ್ಮ."

"ನಂಗೆ ಸಾಯಂಕಾಲ ಆಗ್ತಿತ್ತು. ದೀಪ ಹಚ್ಚೋ ಹೊತ್ತು."

ನಾನು ಲೇಖನಿ ತೆಗೆದೆ. ಯಾವ ವರ್ಷ, ಯಾಕೆ, ಆಗ ಯಾರು ಏನಂದರು, ಹೇಗೆ ವಾಸಿಯಾಯಿತು, ಆಯಿತೇ ಇಲ್ಲವೇ. ಕೇಳಬೇಕಾದ್ದು ಎಷ್ಟೋ ಇತ್ತು.

"ಕತೆ ಬರೆಯೋರೇ," ನರಸಿಂಹಮ್ಮ ತಲೆಯೆತ್ತಿದರು. "ಸ್ವಲ್ಪ ಆಚೆ ಕೂತ್ಕೊಳಿ. ನಾವು ಮಾತಾಡ್ಬೇಕು."

"ನಾನು ಒಂದು ಮೂಲೇಲಿ..."

"ಆಚೆ."

ಜಗಲಿಗೆ ಬಂದೆ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಮಳೆ ಬಿದ್ದೇ ಇದೆ. ಒಳಗೆ ಒಂದು ದನಿ ಸಣ್ಣಗೆ ಏನೋ ಹೇಳುತ್ತಿದೆ, ಇನ್ನೊಂದು ನಡುನಡುವೆ ಹೂಂ ಅನ್ನುತ್ತಿದೆ. ಹೇಳುವವರು ಅತ್ತೆಯೋ ಸೊಸೆಯೋ ಗೊತ್ತಾಗುತ್ತಿಲ್ಲ.

ಸದಾಶಿವಯ್ಯ ಛತ್ರಿ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. "ಏನು ಸ್ವಾಮಿ, ಇಲ್ಲಿ ಕೂತಿದೀರಿ? ಒಳಗೆ ಕತೆ ಎಲ್ಲಿಗೆ ಬಂತು?"

"ಕೇಳಿಸ್ತಾ ಇಲ್ಲ," ಅಂದೆ.

ಕಿಟಕಿ ತೆರೆದೇ ಇದೆ, ಬಗ್ಗಿದರೆ ಕಾಣುತ್ತದೆ. ಬಗ್ಗುವುದಿಲ್ಲ. ನೀವೂ ಬಗ್ಗಬೇಡಿ. ಕೂರುವುದಾದರೆ ಗೋಡೆ ಕಡೆಗೆ ಸರಿದು ಕೂತುಕೊಳ್ಳಿ, ಅಲ್ಲಿ ಎರಚಲು ಹೊಡೆಯುವುದಿಲ್ಲ.